ಶಕುಂತಲಾ ದೇವಿಯವರ ಇಪ್ಪತ್ತಾರು ಅಂಕಿಗಳ ಉತ್ತರವನ್ನು ನಾನು ತಾಳೆ ನೋಡಿದ ಬಗೆ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರಿಗೆ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಕೊಟ್ಟರು: 7,686,369,774,870 ಮತ್ತು 2,465,099,745,779. ಇಪ್ಪತ್ತೆಂಟು ಸೆಕೆಂಡಿನಲ್ಲಿ ಅವರು ಹೇಳಿದ ಗುಣಲಬ್ಧ 18,947,668,177,995,426,462,773,730. ಎಲ್ಲರೂ ಆ ವೇಗಕ್ಕೆ ಬೆರಗಾಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಂಖ್ಯೆಯೇ. ಗುಣಾಕಾರವನ್ನೇ ಮಾಡದೆ, ಒಂದು ಹಾಳೆಯಲ್ಲಿ ಅದನ್ನು ಪರೀಕ್ಷಿಸಿದೆ.

ಮೊದಲು ಒಂಬತ್ತರ ತಾಳೆ. ಎರಡು ಸಂಖ್ಯೆಗಳ ಅಂಕಿಗಳ ಮೊತ್ತ 78 ಮತ್ತು 74; ಒಂಬತ್ತರಿಂದ ಭಾಗಿಸಿದರೆ ಶೇಷ 6 ಮತ್ತು 2. ಇವುಗಳ ಗುಣಲಬ್ಧ 12, ಅದರ ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ಸರಿಹೋಯಿತು. ಆದರೆ ಇಷ್ಟಕ್ಕೇ ನಂಬಲು ನಾನು ಒಪ್ಪುವುದಿಲ್ಲ. ಎರಡು ಅಂಕಿಗಳು ಅದಲುಬದಲಾಗಿದ್ದರೂ ಮೊತ್ತ ಅಷ್ಟೇ ಇರುತ್ತದೆ.

ನನಗೆ ಬಹಳ ಇಷ್ಟವಾದದ್ದು 1001ರ ತಾಳೆ. ಇಲ್ಲಿ ನಮ್ಮ ಲಕ್ಷ, ಕೋಟಿಗಳ ಅಲ್ಪವಿರಾಮ ಕೆಲಸಕ್ಕೆ ಬಾರದು, ಮೂರು ಮೂರು ಅಂಕಿಗಳ ಗುಂಪು ಬೇಕು. ಸಾವಿರವೆಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ ಬಲಗಡೆಯಿಂದ ಒಂದು ಗುಂಪನ್ನು ಕೂಡಿ ಮುಂದಿನದನ್ನು ಕಳೆಯುತ್ತಾ ಹೋದರೆ ಸಾಕು. ಮೊದಲ ಸಂಖ್ಯೆ: 870 − 774 + 369 − 686 + 7 = −214. ಎರಡನೆಯದು ಇದೇ ರೀತಿ −330. ಗುಣಿಸಿದರೆ 70,620; ಅದರಿಂದ 1001ರ ಎಪ್ಪತ್ತು ಪಟ್ಟನ್ನು, ಅಂದರೆ 70,070 ಅನ್ನು ಕಳೆದರೆ ಉಳಿಯುವುದು 550. ಇನ್ನು ಉತ್ತರದ ಒಂಬತ್ತು ಗುಂಪುಗಳು: 730 − 773 + 462 − 426 + 995 − 177 + 668 − 947 + 18. ಇದೂ 550! ಆ ಕ್ಷಣದ ಸಂತೋಷವನ್ನು ಲೆಕ್ಕ ಮಾಡಿದವರೇ ಬಲ್ಲರು.

ಪಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಈ ತಾಳೆ ಹಿಡಿದುಬಿಡುತ್ತದೆ. ಆದರೆ ಒಂದು ಬಿಟ್ಟು ಒಂದು ಇರುವ ಇಡೀ ಗುಂಪುಗಳೇ ಸ್ಥಾನ ಬದಲಿಸಿದರೆ ಹಿಡಿಯದು. 999ರಿಂದಲೂ ನೋಡಿದೆ, ಎರಡೂ ಕಡೆ ಶೇಷ 201.

1001 ಎಂದರೆ 7 × 11 × 13. ಆದ್ದರಿಂದ ತಾಳೆ ನೋಡುವಾಗಲೇ ಸಂಖ್ಯೆಯ ಗುಣವೂ ತಿಳಿಯುತ್ತದೆ. 550 ಅನ್ನು 11 ಭಾಗಿಸುತ್ತದೆ, 7 ಮತ್ತು 13 ಭಾಗಿಸುವುದಿಲ್ಲ, ಉತ್ತರವೂ ಹಾಗೆಯೇ. ಕೊನೆಯಲ್ಲಿ 30 ಇರುವುದರಿಂದ 2 ಮತ್ತು 5 ಒಂದೊಂದೇ ಸಲ ಹೋಗುತ್ತವೆ, ಅಂದಮೇಲೆ ಇದು ವರ್ಗಸಂಖ್ಯೆಯಾಗಲಾರದು. ಅಂಕಿಗಳ ಮೊತ್ತ 138 ಆದ್ದರಿಂದ 3 ಸಹ ಒಂದೇ ಸಲ.

ಮೊದಲ ಸಂಖ್ಯೆಯಿಂದ 30 ಅನ್ನು, ಎರಡನೆಯದರಿಂದ 11 ಅನ್ನು ಭಾಗಿಸಿ ಹೊರತೆಗೆದು ಎಲ್ಲ ಸೇರಿಸಿದರೆ ಉತ್ತರ ಹೀಗೆ ಒಡೆಯುತ್ತದೆ: 330 × 256,212,325,829 × 224,099,976,889. ಈ ಎರಡು ದೊಡ್ಡ ತುಂಡುಗಳನ್ನು 37ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ, ಒಂದೂ ಹೋಗಲಿಲ್ಲ. ಮೊದಲ ತುಂಡು ಅವಿಭಾಜ್ಯವೇ ಎಂದು ಇದೇ ದಾರಿಯಲ್ಲಿ ತೀರ್ಮಾನಿಸಬೇಕಾದರೆ ಅದರ ವರ್ಗಮೂಲದವರೆಗೆ, ಸುಮಾರು 5,06,000ದವರೆಗೆ, ಹೋಗಬೇಕು. ಆ ಕೆಲಸ ಕಂಪ್ಯೂಟರಿನದು.