ಕೈತೋಪಡದಲ್ಲಿ ಹಲಗೆ ನಯ ಮಾಡುವುದು ಹೇಗೆ?

ದಿನಕ್ಕೆ ಹತ್ತು ಬಾಗಿಲು ಮಾಡುವವರಿಗೆ ಮಷಿನ್ ತೋಪಡ ಬೇಕೇ ಬೇಕು. ಮನೆಯಲ್ಲಿ ಒಂದು ಮಣೆಯೋ ಸ್ಟೂಲೋ ಮಾಡಿಕೊಳ್ಳುವವರಿಗೆ ಕೈತೋಪಡವೇ ಚೆಂದ. ಕಿವಿಗಡಚಿಕ್ಕುವ ಸದ್ದಿಲ್ಲ, ಮೂಗಿಗೆ ಪುಡಿ ಹೋಗುವುದಿಲ್ಲ. ಕೆಲವು ಕಡೆ ಇದನ್ನೇ ಉಜ್ಜುಗೊರಡು ಅಂತಾರೆ. ಶುರು ಮಾಡಲು 14 ಇಂಚಿನ ಐದನೇ ನಂಬರ್ ಕಬ್ಬಿಣದ ತೋಪಡ ಒಂದಿದ್ದರೆ ಸಾಕು.

ಮೊದಲ ಕೆಲಸ ಅಲಗು ಮಸೆಯುವುದು. ಅಂಗಡಿಯಿಂದ ತಂದ ಅಲಗು ಹಾಗೇ ಕೆಲಸಕ್ಕೆ ಬರುವುದು ಅಪರೂಪ. ಅದರ ಬೆನ್ನನ್ನು ಸಾಣೆಕಲ್ಲಿನ ಮೇಲೆ ಮಟ್ಟಸವಾಗಿಟ್ಟು, ತುದಿಯ ಹತ್ತಿರ ಹೊಳಪು ಬರುವವರೆಗೆ ಉಜ್ಜಿ. ಆಮೇಲೆ ಇಳಿಜಾರು ಬದಿಯನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು 1000 ಗ್ರಿಟ್ ಕಲ್ಲಿನಲ್ಲಿ ಮಸೆಯಿರಿ. ಬೆನ್ನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಬೆರಳು ಸವರಿದರೆ ಸಣ್ಣಗೆ ತರಿತರಿ ಸಿಗಬೇಕು. ಅದನ್ನು ನುಣುಪು ಕಲ್ಲಿನಲ್ಲಿ, ಕೊನೆಗೆ ತೊಗಲಿನ ಮೇಲೆ ಎಳೆದು ತೆಗೆಯಿರಿ. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ನಡುವೆ ಮತ್ತೆ ಮಸೆಯಲು ಬೇಸರ ಬೇಡ.

ಅಲಗಿನ ಮೇಲೆ ಕೂರುವ ಪಟ್ಟಿ ಅಂಚಿನಿಂದ ಒಂದು ಮಿಲಿಮೀಟರ್ ಹಿಂದಿರಲಿ. ಅಲಗನ್ನು ಪೂರ್ತಿ ಒಳಗೆಳೆದುಕೊಂಡು, ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೊರಗೆ ತನ್ನಿ.

ಈಗ ಹಲಗೆಯ ಪಕ್ಕದ ಅಂಚು ನೋಡಿ. ನಾರಿನ ಗೆರೆಗಳು ಯಾವ ಕಡೆ ಮೇಲೇರುತ್ತವೋ ಆ ಕಡೆಗೇ ತೋಪಡ ತಳ್ಳಬೇಕು. ಸರಿಯಾಗಿದ್ದರೆ 'ಸರ್ರ್' ಅನ್ನುತ್ತದೆ. 'ಕರಕರ' ಅಂದರೆ ನಾರು ಕೀಳುತ್ತಿದೆ ಎಂದೇ ಅರ್ಥ, ತಕ್ಷಣ ನಿಲ್ಲಿಸಿ. ಹಲಸಿನ ಮಣೆ ಮಾಡುವಾಗ ಗಂಟಿನ ಬಳಿ ಆ ಸದ್ದು ಕೇಳಿಯೂ ನಾನು ನಿಲ್ಲಿಸಲಿಲ್ಲ. ಉಗುರಗಲದ ಚಕ್ಕೆ ಎದ್ದೇ ಬಂತು. ಆ ಗುಳಿ ಮಟ್ಟ ಮಾಡಲು ಇಡೀ ಮಣೆಯನ್ನು ತೆಳು ಮಾಡಬೇಕಾಯಿತು. ಗಂಟಿನ ಸುತ್ತ ನಾರು ದಿಕ್ಕು ಬದಲಿಸುತ್ತದೆ, ಅಲ್ವಾ? ಅಲ್ಲಿ ಅಲಗನ್ನು ಇನ್ನಷ್ಟು ಒಳಗೆಳೆದು, ತೋಪಡವನ್ನು ಓರೆಯಾಗಿ ಹಿಡಿದು ತಳ್ಳಿ.

ತಳ್ಳಲು ಶುರು ಮಾಡುವಾಗ ಭಾರ ಮುಂದಿನ ಕೈಯಲ್ಲಿ, ಮುಗಿಸುವಾಗ ಹಿಂದಿನ ಕೈಯಲ್ಲಿರಲಿ. ಇಲ್ಲದಿದ್ದರೆ ಹಲಗೆಯ ಎರಡು ತುದಿಯೂ ಜಾಸ್ತಿ ಸವೆದು ನಡು ಉಬ್ಬುತ್ತದೆ. ತೋಪಡದ ತಳಕ್ಕೆ ಮೇಣದಬತ್ತಿ ಉಜ್ಜಿದರೆ ಸಲೀಸಾಗಿ ಜಾರುತ್ತದೆ. ಹಲಗೆಯ ಕೊಯ್ದ ತುದಿಯನ್ನು ಎರಡೂ ಕಡೆಯಿಂದ ನಡುವಿನವರೆಗೆ ಮಾತ್ರ ತೋಪಡಿಸಿ. ಒಂದೇ ಏಟಿಗೆ ಆಚೆ ದಾಟಿಸಿದರೆ ಮೂಲೆ ಸೀಳುತ್ತದೆ.

ಮಟ್ಟಗೋಲನ್ನು ಹಲಗೆಯ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ನೋಡಿ. ಕೆಳಗೆ ಬೆಳಕು ನುಸುಳದೆ, ಹೆರೆದ ಮರದ ಸುರುಳಿ ತುದಿಯಿಂದ ತುದಿಗೆ ತುಂಡಾಗದೆ ಬಂದರೆ ಕೆಲಸ ಮುಗಿಯಿತು. ಅದರ ಮೇಲೆ ಸುಮ್ನೆ ಮರಳುಕಾಗದ ಉಜ್ಜಬೇಡಿ. ನೇರವಾಗಿ ಎಣ್ಣೆ ಹಚ್ಚಿ.