ಉತ್ತರ ಕೊಡಬೇಡಿ ಅಂದೆ, ಕೂಟ ಉಳಿಯಿತು

ಬೈಬಲಿನಲ್ಲಿ ಬರುವ ಯೆಹೂದದ ರಾಜ ಹಿಜ್ಕೀಯನ ಕಥೆ ಗೊತ್ತಿರಬಹುದು: ಅಶ್ಶೂರ್ಯರ ದಂಡು ಜೆರುಸಲೇಮಿಗೆ ಬಂದು ಬೆದರಿಸಿದಾಗ, ಉತ್ತರ ಕೊಡಬೇಡಿ ಅಂತ ಜನಕ್ಕೆ ಹೇಳಿ, ಬೆದರಿಕೆಯ ಪತ್ರವನ್ನು ದೇವರ ಮುಂದೆ ಬಿಚ್ಚಿಟ್ಟ. ಮನೆಯಲ್ಲಿ ಪ್ರಾರ್ಥನೆ ಕೂಟ ನಡೆಸುವವರಿಗೆ ಈ ಕಥೆಯಿರುವ ಯೆಶಾಯ 36, 37ನೇ ಅಧ್ಯಾಯ ಬಾಯಿಪಾಠ ಇರುತ್ತದೆ. ಅದನ್ನೇ ನಾವು ಬೀದರಿನಲ್ಲಿ, ಬಾಡಿಗೆ ರೂಮಿನಲ್ಲಿ, ಮೂವತ್ತು ಚಿಲ್ಲರೆ ಜನ ಸೇರಿ ಮಾಡಿ ನೋಡಿದೆವು. "ಸುಮ್ನೆ ಕೂತ್ರೆ ತಲೆ ಮೇಲೆ ಹತ್ತಿ ಕೂಡ್ತಾರೆ" ಅಂತ ನಮ್ಮ ಹಿರಿಯರೇ ಹೇಳಿದ್ದರು. ಹಾಗಾಗಲಿಲ್ಲ. ಕೂಟ ಇವತ್ತಿಗೂ ಅದೇ ರೂಮಿನಲ್ಲಿ ನಡೆಯುತ್ತಿದೆ. ಜನ ಮೊದಲಿಗಿಂತ ಜಾಸ್ತಿ ಬರುತ್ತಿದ್ದಾರೆ.

ತೊಂದರೆ ಶುರುವಾದದ್ದು ಒಂದು ವಾಯ್ಸ್ ಮೆಸೇಜಿನಿಂದ. ನಾವು ದುಡ್ಡು ಕೊಟ್ಟು ಜನ ಸೇರಿಸುತ್ತೇವಂತೆ, ಕೂಟ ನಿಲ್ಲಿಸದಿದ್ದರೆ ಮೆಸೇಜ್ ಕಳಿಸಿದವರೇ ಬಂದು ನಿಲ್ಲಿಸುತ್ತಾರಂತೆ. ನಮ್ಮವರ ಕೆಲವು ಹೆಸರುಗಳೂ ಅದರಲ್ಲಿದ್ದವು. ಅದನ್ನು ನನಗೆ ಕಳಿಸಲಿಲ್ಲ, ನಮ್ಮ ಹೆಣ್ಣುಮಕ್ಕಳಿರುವ ಓಣಿಯ ಗ್ರೂಪಿಗೆ ಹಾಕಿದರು. ಅಶ್ಶೂರ್ಯರ ರಾಜ ಕಳಿಸಿದ ಅಧಿಕಾರಿ ರಬ್ಷಾಕೆ ಮಾಡಿದ್ದೂ ಇದನ್ನೇ ಅಲ್ವಾ? ಅರಾಮ್ಯ ಭಾಷೆಯಲ್ಲಿ ಮಾತಾಡು ಅಂತ ಹಿಜ್ಕೀಯನ ಅಧಿಕಾರಿಗಳು ಕೇಳಿಕೊಂಡರೆ, ಗೋಡೆ ಮೇಲಿನ ಜನಕ್ಕೆ ಕೇಳಿಸಲಿ ಅಂತಲೇ ಯೆಹೂದ್ಯರ ಭಾಷೆಯಲ್ಲಿ ಗಟ್ಟಿಯಾಗಿ ಕೂಗಿದ.

ನನ್ನದು ಹೊಲಿಗೆ ಅಂಗಡಿ. ಆ ವಾರವೇ ಒಂದು ಶಾಲೆಯ ಯೂನಿಫಾರಂ ಆರ್ಡರ್ ಕೈಬಿಟ್ಟು ಹೋಯಿತು. ಒಂದೂವರೆ ಲಕ್ಷದ ಹತ್ತಿರದ ಕೆಲಸ. ಬಟ್ಟೆ ಆಗಲೇ ಸೋಲಾಪುರದಿಂದ ತರಿಸಿದ್ದೆ, ಅರವತ್ತು ಸಾವಿರದಷ್ಟು ಅದರಲ್ಲೇ ಸಿಕ್ಕಿಕೊಂಡಿತು. ರೂಮಿನ ಮಾಲೀಕರು ತಿಂಗಳೊಳಗೆ ಖಾಲಿ ಮಾಡಿ ಅಂದರು.

ಮೊದಲು ದುಡ್ಡಿನಿಂದ ಬಾಯಿ ಮುಚ್ಚಿಸಲು ನೋಡಿದೆವು. ಮಧ್ಯಸ್ಥರೊಬ್ಬರು "ಸ್ವಲ್ಪ ಚಂದಾ ಕೊಟ್ಟುಬಿಡಿ, ಎಲ್ಲ ತಣ್ಣಗಾಗುತ್ತೆ" ಅಂದರು. ಹದಿನೈದು ಸಾವಿರ ಕೂಡಿಸಿ ಕೊಟ್ಟೆವು. ಅದರಲ್ಲಿ ಕೂಲಿ ಮಾಡುವವರ ದುಡ್ಡೂ ಇತ್ತು. ಎರಡು ತಿಂಗಳಾದ ಮೇಲೆ ಇಪ್ಪತ್ತೈದು ಸಾವಿರ ಕೇಳಿದರು. ಹಿಜ್ಕೀಯನೂ ಮೊದಲು ಅಶ್ಶೂರ್ಯರ ರಾಜನಿಗೆ 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಕೊಟ್ಟಿದ್ದ, ತಲಾಂತು ಅಂದರೆ ಆ ಕಾಲದ ತೂಕ. ದೇವಾಲಯದ ಬಾಗಿಲಿನ ಬಂಗಾರವನ್ನೂ ಕಿತ್ತು ಕೊಟ್ಟಿದ್ದ. ಆದರೂ ದಂಡು ಬಂದೇ ಬಂತು. ಆಮೇಲೆ ನಮ್ಮ ಹುಡುಗರು ನಾಲ್ಕು ನಿಮಿಷದ ಉತ್ತರ ರೆಕಾರ್ಡ್ ಮಾಡಿ ಕಳಿಸಿದರು. ಅದರಲ್ಲಿ ಇಪ್ಪತ್ತು ಸೆಕೆಂಡು ಕತ್ತರಿಸಿ ಜಿಲ್ಲೆಯೆಲ್ಲ ಹಂಚಿದರು. ಕರಪತ್ರಕ್ಕೆ ಆರು ಸಾವಿರ ಹೋಯಿತು, ಓದಿದವರು ಯಾರೂ ಇಲ್ಲ.

ಇಷ್ಟಾದ ಮೇಲೆ ನಾನು ಪಟ್ಟು ಹಿಡಿದೆ. ಹಿಜ್ಕೀಯ ಮಾಡಿದ್ದನ್ನು ಕ್ರಮವಾಗಿ ಮಾಡೋಣ, ಮೊದಲು ನೀರು, ಆಮೇಲೆ ಬಾಯಿ ಮುಚ್ಚುವುದು ಅಂದೆ. ನೀರಿನ ಭಾಗವನ್ನು ಎಲ್ಲರೂ ಮರೆಯುತ್ತಾರೆ. ಬೈಬಲಿನ ಎರಡನೇ ಪೂರ್ವಕಾಲವೃತ್ತಾಂತ 32ನೇ ಅಧ್ಯಾಯ ತೆಗೆದು ನೋಡಿ. ಅಶ್ಶೂರ್ಯರ ರಾಜ ಸನ್ಹೇರೀಬ ಬರುವ ಸುದ್ದಿ ತಿಳಿದ ಕೂಡಲೇ ಅವನು ಊರ ಹೊರಗಿನ ಬುಗ್ಗೆಗಳನ್ನು ಮುಚ್ಚಿಸಿದ, ಗೀಹೋನ್ ಬುಗ್ಗೆಯ ನೀರನ್ನು ಸುರಂಗದಲ್ಲಿ ಊರೊಳಗೆ ತಿರುಗಿಸಿದ. ಆ ಸುರಂಗ ಇವತ್ತಿಗೂ ಜೆರುಸಲೇಮಿನಲ್ಲಿದೆ, 530 ಮೀಟರಿಗಿಂತ ಜಾಸ್ತಿ ಉದ್ದ, ಬಂಡೆ ಕೊರೆದು ಮಾಡಿದ್ದು. ಹುಡುಗರಿಗೆ ಬಾಯಲ್ಲಿ ಹೇಳಿದರೆ ತಲೆಗೆ ಹೋಗಲಿಲ್ಲ. ಒಂದು ಭಾನುವಾರ ಎಲ್ಲರನ್ನೂ ನೌಬಾದಿನ ಸುರಂಗ ಬಾವಿಗೆ ಕರೆದುಕೊಂಡು ಹೋದೆ. ಬಹಮನಿಯವರ ಕಾಲದ್ದು, 15ನೇ ಶತಮಾನದ್ದು, ನೆಲದ ಕೆಳಗೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಗಾಳಿ ಬಾವಿಯೊಂದರ ಬಾಯಲ್ಲಿ ನಿಲ್ಲಿಸಿ, ನೀರಿನ ವ್ಯವಸ್ಥೆ ಇಲ್ಲದೆ ಸುಮ್ಮನಿರುವವರು ಎಷ್ಟು ದಿನ ಸುಮ್ಮನಿರುತ್ತಾರೆ ಅಂತ ಕೇಳಿದೆ. ಆಗ ಅರ್ಥವಾಯಿತು.

ನಮ್ಮ ನೀರು ಅಂದರೆ ಕಾಗದಪತ್ರ. ಮಾಲೀಕರಿಗೆ ಆರು ತಿಂಗಳ ಬಾಡಿಗೆ ಮುಂಗಡವಾಗಿ ಚೆಕ್ಕಿನಲ್ಲಿ ಕೊಟ್ಟು ರಸೀದಿ ತೆಗೆದುಕೊಂಡೆವು. ಕಾಣಿಕೆಯ ಲೆಕ್ಕವನ್ನು ಬಾಗಿಲ ಮೇಲೆ ಅಂಟಿಸಿದೆವು, ಯಾರು ಬೇಕಾದರೂ ಓದಲಿ ಅಂತ. ಕೂಟದ ದಿನ, ಹೊತ್ತು, ಜಾಗ ಬರೆದು ಠಾಣೆಗೆ ಒಂದು ಪುಟದ ಪತ್ರ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆವು. ಸ್ಪೀಕರ್ ತೆಗೆದೆವು, ಎಂಟರ ಮೇಲೆ ಢೋಲಕ್ ಬಂದ್. ಎಲ್ಲ ಸೇರಿ ನಲವತ್ತು ಸಾವಿರದ ಸುತ್ತಮುತ್ತ ಖರ್ಚು. ನನ್ನ ಓವರ್‌ಲಾಕ್ ಮಷಿನ್ ಮಾರಿ ಮುಕ್ಕಾಲು ಪಾಲು ನಾನೇ ಹಾಕಿದೆ. ಮತ್ತೆ ಹಾಕು ಅಂದರೂ ಹಾಕುತ್ತೇನೆ.

ಆಮೇಲೆ ರಾಜನ ಆಜ್ಞೆ: ಅವನಿಗೆ ಉತ್ತರ ಕೊಡಬೇಡಿ. ಫೋನಿನಲ್ಲಿಲ್ಲ, ಹೋಟೆಲಿನಲ್ಲಿಲ್ಲ, ಬಾವಿಕಟ್ಟೆಯಲ್ಲಿಲ್ಲ. ಸ್ಟೇಟಸ್ಸಿನಲ್ಲಿ ವಾಕ್ಯ ಹಾಕಿ ಚುಚ್ಚುವುದೂ ಉತ್ತರವೇ ಅಂತ ಹೇಳಿದೆ. ಬಂದ ಪ್ರತಿ ಮೆಸೇಜನ್ನೂ ಲೆಕ್ಕದ ಉದ್ದ ಪುಸ್ತಕದಲ್ಲಿ ಕೈಯಲ್ಲೇ ಬರೆದೆ, ತಾರೀಖು ಸಮೇತ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ. ಗುರುವಾರ ಚಾಪೆ ನಡುವೆ ಅದನ್ನು ಬಿಚ್ಚಿಟ್ಟು, ಸುತ್ತ ಮೊಣಕಾಲೂರಿ, ದೇವರಿಗೆ ಓದಿ ಹೇಳುತ್ತಿದ್ದೆವು. ಹಿಜ್ಕೀಯ ಪತ್ರ ಬಿಚ್ಚಿಟ್ಟ ಹಾಗೆ. ಮೊದಲ ಸಲ ಓದುವಾಗ ಅಕ್ಷರ ಬಾರದ ಒಬ್ಬ ಅಜ್ಜಿ "ನನ್ನ ಹೆಸರು ಯಾವ ಸಾಲಿನಾಗ ಅದ?" ಅಂತ ಕೇಳಿದರು. ಬೆರಳಿಟ್ಟು ತೋರಿಸಿದೆ. ಆ ಸಾಲಿನ ಮೇಲೆ ಅಂಗೈ ಊರಿದರು, ಪ್ರಾರ್ಥನೆ ಮುಗಿಯುವ ತನಕ ತೆಗೆಯಲಿಲ್ಲ. ಶಾಯಿ ಸ್ವಲ್ಪ ಹರಡಿದೆ, ಪುಟ ಹಾಗೇ ಇದೆ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. ಮೌನ ಬರೀ ಮಾತಿಗೆ. ಒಂದು ರಾತ್ರಿ ಕಿಟಕಿಗೆ ಕಲ್ಲು ಬಿತ್ತು. ಅದೇ ರಾತ್ರಿ ದೂರು ಬರೆದುಕೊಟ್ಟೆವು. ಸಂವಿಧಾನದ 25ನೇ ವಿಧಿ ಕೊಟ್ಟ ಧರ್ಮದ ಸ್ವಾತಂತ್ರ್ಯವನ್ನು ಕೇಳುವುದು ಜಗಳವಲ್ಲ. ಕಲ್ಲು ಬಿದ್ದಾಗಲೂ ಸುಮ್ಮನಿರಿ ಅಂತ ಕಲಿಸುವವರ ಮಾತು ನಾನು ಒಪ್ಪುವುದಿಲ್ಲ.

ನಡುವೆ ಬೇರೆ ಕೆಲವು ಪ್ರಯೋಗವನ್ನೂ ಮಾಡಿದೆ. ಬೈಬಲಿನ ಎಸ್ತೇರ್ ರಾಣಿಯ ಹಾಗೆ ಮೂರು ದಿನ ಉಪವಾಸ ಹಿಡಿದು ಮಷಿನ್ ಮೇಲೆ ಕೂತರೆ ಎರಡನೇ ದಿನವೇ ಕೈ ನಡುಗುತ್ತದೆ, ಬಟ್ಟೆ ಕೆಡುತ್ತದೆ. ದುಡಿಯುವವರು ರಾತ್ರಿ ಊಟ ಬಿಟ್ಟರೆ ಸಾಕು. ಮನೆಯೊಳಗೂ ಮಾತು ಕಡಿಮೆ ಮಾಡಿ ನೋಡಿದೆ, ಅದು ಕೂಡದು. ಹೆಂಡತಿಗೆ ಅದು ಸಿಟ್ಟಿನ ಹಾಗೆ ಕಾಣುತ್ತದೆ. ಹೊರಗೆ ಬಾಯಿ ಕಟ್ಟಿದವನು ಮನೆಯಲ್ಲಿ ಜಾಸ್ತಿಯೇ ಮಾತಾಡಬೇಕು.

ಅಶ್ಶೂರ್ಯರ ದಂಡಿನ ಒಂದು ಲಕ್ಷ ಎಂಬತ್ತೈದು ಸಾವಿರ ಜನ ಒಂದೇ ರಾತ್ರಿ ಸತ್ತು ಬಿದ್ದಂಥದ್ದು ನಮಗೆ ಆಗಲಿಲ್ಲ. ಹೆಚ್ಚು ಕಡಿಮೆ ವರ್ಷ ಹಿಡಿಯಿತು. ಉತ್ತರ ಸಿಗದ ಮೆಸೇಜುಗಳು ಮಳೆಗಾಲದ ಹೊತ್ತಿಗೆ ವಾರಕ್ಕೊಂದಕ್ಕೆ ಇಳಿದವು, ದೀಪಾವಳಿ ಕಳೆದ ಮೇಲೆ ನಿಂತೇಹೋದವು. ಮಾಲೀಕರು ತಾವೇ ಬಂದು "ನಿಮ್ಮವರು ಒಬ್ಬರೂ ಎದುರು ಮಾತಾಡಲಿಲ್ಲ, ಬಾಗಿಲ ಮೇಲಿನ ಲೆಕ್ಕ ನಾನೂ ಓದಿದ್ದೀನಿ, ಇರಿ" ಅಂದರು. ಶಾಲೆಯ ಕೆಲಸ ಮುಂದಿನ ಜೂನಿನಲ್ಲಿ ಅರ್ಧ ವಾಪಸ್ ಬಂತು. ಬಟ್ಟೆಯಲ್ಲಿ ಸಿಕ್ಕಿಕೊಂಡ ಆ ಅರವತ್ತು ಸಾವಿರದಲ್ಲಿ ಇಪ್ಪತ್ತು ಸಾವಿರದಷ್ಟು ಇನ್ನೂ ಬಂದಿಲ್ಲ. ಇದು ನನ್ನ ಜಾಣತನದಿಂದ ಆಯಿತು ಅಂತ ನಾನು ನಂಬುವುದಿಲ್ಲ. ಕಾಗದಪತ್ರ ನಾವು ಮಾಡಿದೆವು, ಮನಸ್ಸು ತಿರುಗಿಸಿದ್ದು ದೇವರು. ಆದರೆ ಬೇಡ ಅಂದಿದ್ದ ಹಿರಿಯರೇ ಈಗ ಹುಮನಾಬಾದ್, ಭಾಲ್ಕಿ ಕಡೆಯವರನ್ನು ನನ್ನ ಹತ್ತಿರ ಕಳಿಸುತ್ತಿದ್ದಾರೆ.

ಬಿಸಿರಕ್ತದ ಹುಡುಗರನ್ನು ಹೇಗೆ ಹಿಡಿದೆ, ಪುಸ್ತಕ ಓದುವ ಮುಂಚೆ ಯಾವ ಕೀರ್ತನೆಗಳನ್ನು ಯಾವ ಸಾಲಿನಲ್ಲಿ ಇಟ್ಟೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಎದುರು ಕೂತೇ ಹೇಳಬೇಕು. ಬರುವವರು ಬಾಡಿಗೆ ಕರಾರು, ಕಾಣಿಕೆ ಲೆಕ್ಕ ಎರಡನ್ನೂ ತನ್ನಿ. ಮೇ, ಜೂನ್ ಮಾತ್ರ ಬೇಡ, ಯೂನಿಫಾರಂ ಸೀಸನ್, ರಾತ್ರಿ ಹನ್ನೊಂದರ ತನಕ ಮಷಿನ್ ಬಿಟ್ಟು ಏಳುವುದಕ್ಕಾಗುವುದಿಲ್ಲ.