ನಾಲ್ಕನೇ ತರಗತಿಗೆ ಪ್ರಾಸ: ಕಿಟಕಿ ರಟ್ಟಿನಿಂದ ಆದ ಕೆಲಸ

ಆದಿಪ್ರಾಸವೆಂದರೆ (ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಇರುವ ಪ್ರಾಸ) ಹೈಸ್ಕೂಲಿನ ಛಂದಸ್ಸು, ಚಿಕ್ಕ ಮಕ್ಕಳ ತಲೆಗೆ ಹತ್ತುವುದಿಲ್ಲ ಎಂದವರೇ ಹೆಚ್ಚು. ಈಗ ನಮ್ಮ ತರಗತಿಯಲ್ಲಿ 30 ಮಕ್ಕಳಿದ್ದರೆ ಹೆಚ್ಚುಕಡಿಮೆ 25 ಮಕ್ಕಳು ತಾವೇ ಜೋಡಿ ಹುಡುಕುತ್ತಾರೆ.

ಶುರು ಮಾತ್ರ ಅಂತ್ಯಪ್ರಾಸದಿಂದಲೇ ಆಗಬೇಕು. 'ಕೊನೆಯ ಅಕ್ಷರ ಒಂದೇ ಇದ್ದರಾಯಿತು' ಎಂದು ಹೇಳಿಕೊಟ್ಟಿರೋ, ಪಾಠ ಅಲ್ಲೇ ಕೆಟ್ಟಿತು. ಹಗಲು–ಮುಗಿಲು ತಂದಿಡುತ್ತಾರೆ. 'ಲು' ಒಂದೇ, ಆದರೆ ಅದರ ಹಿಂದಿನ ಸ್ವರ ಬೇರೆ, ಕಿವಿ ಒಪ್ಪುವುದಿಲ್ಲ. ಹಗಲಿಗೆ ಹೆಗಲು, ಮುಗಿಲಿಗೆ ದಿಗಿಲು. ಕೊನೆಯ ಎರಡಕ್ಷರವಷ್ಟೇ ಕಾಣುವಂತೆ ಪದ ಬರೆದ ಕಾರ್ಡು ಮಡಚಿದರೆ ಇದು ಬೇಗ ತಿಳಿಯುತ್ತದೆ.

ಲ್ಯಾಮಿನೇಟ್ ಕಾರ್ಡಿಗೆ ಆರುನೂರು ಚಿಲ್ಲರೆ ಹೋಯಿತು. ಬೆಳಕಿಗೆ ಹೊಳೆದು ಹಿಂದಿನ ಸಾಲಿಗೆ ಕಾಣುವುದಿಲ್ಲ, ಮಡಚಲೂ ಬರುವುದಿಲ್ಲ. ಹಳೆಯ ಲಗ್ನಪತ್ರಿಕೆಗಳ ಬಿಳಿ ಬದಿಯಲ್ಲಿ ಮಾರ್ಕರಿನಿಂದ ಬರೆದ 60 ಕಾರ್ಡುಗಳಿಗೆ ಐವತ್ತು ರೂಪಾಯಿಯೂ ಆಗಲಿಲ್ಲ.

ಮುಂದಿನ ತೊಡಕು ಪ್ರತ್ಯಯ. ಹೊಲದಲ್ಲಿ–ಮರದಲ್ಲಿ, ಹಕ್ಕಿಗಳು–ಮರಗಳು ಎಂದು ಪುಟ ತುಂಬಿಸುತ್ತಾರೆ. 'ಬಾಲ ಕತ್ತರಿಸಿ ನೋಡು' ಎನ್ನುತ್ತೇನೆ. ಹೊಲ, ಮರ: ಬಿದ್ದುಹೋಯಿತು. ಕೆರೆಯಲ್ಲಿ–ಮರೆಯಲ್ಲಿ, ಹಕ್ಕಿಗಳು–ಚುಕ್ಕಿಗಳು: ಬಾಲ ಹೋದರೂ ನಿಂತಿತು. ಈ ಒಂದು ಪರೀಕ್ಷೆಯಿಂದಲೇ ಮಕ್ಕಳ ಪದ್ಯ ಅರ್ಧ ಸುಧಾರಿಸುತ್ತದೆ.

ಆದಿಪ್ರಾಸಕ್ಕೆ ಕಿಟಕಿ ಕೊರೆದ ರಟ್ಟು. ಸಾಲುಗಳನ್ನು ಒಂದರ ಕೆಳಗೊಂದು ದಪ್ಪಗೆ ಬರೆದು, ಎರಡನೇ ಅಕ್ಷರವಷ್ಟೇ ಕಾಣುವಂತೆ ರಟ್ಟು ಇಡಬೇಕು. ವ್ಯಂಜನ ಒಂದೇ ಇರಲಿ, ಸ್ವರ ಬದಲಾದರೂ ಸರಿ: ಮರ, ಕಿರಿ, ತೆರೆ. ಕಿಟಕಿಯ ಕೆಳಗೆ ಒಂದು ಬೆರಳು ಜಾಗ ಬಿಡಲೇಬೇಕು. ಇಲ್ಲವಾದರೆ ಒತ್ತಕ್ಷರ ರಟ್ಟಿನಡಿ ಮರೆಯಾಗಿ 'ಹಕ್ಕಿ' 'ಹಕಿ' ಆಗುತ್ತದೆ. ಬಿಂದುವಿನದು (ಂ) ಇನ್ನೂ ಪೇಚು. ಅದು ಮೊದಲ ಅಕ್ಷರದ ಜೊತೆಗಿರುವುದರಿಂದ ಕಿಟಕಿಯಲ್ಲಿ 'ಡಿ' ಮಾತ್ರ ಕಂಡು, ಬಂಡಿಗೆ ಹಾಡಿ ಜೋಡಿಯಾಗಿಬಿಡುತ್ತದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ರಟ್ಟು ತೆಗೆದು ಮೊದಲಕ್ಷರ ನೋಡಿಸುತ್ತೇನೆ.

ಇಲ್ಲಿ ನಾಗವರ್ಮನ ಹಳೆಯ ಛಂದಸ್ಸಿನ ಗ್ರಂಥ 'ಛಂದೋಂಬುಧಿ' ಆದಿಪ್ರಾಸದ ಬಗೆಗಳಿಗೆ ಕೊಟ್ಟ ಪ್ರಾಣಿಗಳ ಹೆಸರುಗಳು ಕೈಹಿಡಿಯುತ್ತವೆ. ಮೊದಲಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಬಿಂದು ಇದ್ದರೆ ವೃಷಭ (ಬಂಡಿ–ಗುಂಡ), ಎರಡನೆಯದು ಅದೇ ಅಕ್ಷರದ ಒತ್ತಾದರೆ ಹಯ (ಹಕ್ಕಿ–ಅಕ್ಕ). ಸಿಂಹದ ಗುಂಪಿಗೆ ಗಜ ಬಂದರೆ ಮಕ್ಕಳೇ ಕೂಗಿ ಹೊರಹಾಕುತ್ತಾರೆ. ಬೇರೆ ಅಕ್ಷರದ ಒತ್ತಿರುವ ಪುಸ್ತಕ–ಮಸ್ತಕದ ಶರಭ ಐದನೇ ತರಗತಿಗಿರಲಿ. ವಿಸರ್ಗದ ಅಜಕ್ಕೆ ಮಕ್ಕಳ ಬಾಯಲ್ಲಿ ಪದಗಳು ಸಿಗುವುದೇ ಕಷ್ಟ.

ಗಾದೆಗಳನ್ನೂ ಹಚ್ಚಿ ನೋಡಿದೆ. ಕೆಸರು–ಮೊಸರು, ಮಾರಿ–ಉಪಕಾರಿ ಚೆನ್ನಾಗಿ ಕೂತವು. ಪ್ರಾಸವಿಲ್ಲದ ಗಾದೆಗಳೇ ಹೆಚ್ಚಾದ್ದರಿಂದ ಹುಡುಕುವ ಕೆಲಸ ದೊಡ್ಡದು. ಉತ್ತರ ಕರ್ನಾಟಕದವರು ಇನ್ನೊಂದು ಗಮನಿಸಿ: ಮನೆಯನ್ನು 'ಮನಿ' ಎನ್ನುವ ಮಗು ಅದಕ್ಕೆ 'ಹನಿ' ಜೋಡಿಸಿದರೆ ಕಿವಿಯ ಮಟ್ಟಿಗೆ ಅದು ಸರಿಯೇ. ತಪ್ಪೆನ್ನಬೇಡಿ, ಬರೆಯುವಾಗ ತಿದ್ದಿ.

ಅರವತ್ತು ಕಾರ್ಡುಗಳನ್ನು ಯಾವ ಕ್ರಮದಲ್ಲಿ ಹಂಚುತ್ತೇನೆ ಎಂಬುದನ್ನು ಸದ್ಯ ಹೇಳುವುದಿಲ್ಲ. ಹಗಲು ಮತ್ತು ಮುಗಿಲು ಮೊದಲ ದಿನವೇ ಒಂದೇ ಗುಂಪಿನ ಕೈಗೆ ಹೋಗಬೇಕು, ಅಷ್ಟು ಸಾಕು.